ನಡುಗುವ ಹಲಗೆ, ಗಟ್ಟಿ ಕುರ್ಚಿ: ಇಳಿವಯಸ್ಸಿನ ಕಾಲ್ಬಲದ ಲೆಕ್ಕ

ನೆಲದಿಂದ 43 ಸೆಂ.ಮೀ. ಎತ್ತರದ, ಕೈ ಇಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಮನೆಯ ಹಿರಿಯರನ್ನು ಅದರಲ್ಲಿ ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಲು ಹೇಳಿ. ಪಕ್ಕದಲ್ಲೇ ನಿಂತು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಮತ್ತೆ ಕೂರುತ್ತಾರೆ ಎಣಿಸಿ. ಕೈ ಊರಿ ಎದ್ದರೆ ಸೊನ್ನೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯಂತೆ, 70ರಿಂದ 74 ವರ್ಷದ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಅವರು ಬೀಳುವ ಸಂಭವ ಹೆಚ್ಚು. 80ರಿಂದ 84ರ ನಡುವೆ ಈ ಗೆರೆ 10 ಮತ್ತು 9ಕ್ಕೆ ಇಳಿಯುತ್ತದೆ. ಏಷ್ಯಾದವರಿಗೆಂದೇ 2019ರಲ್ಲಿ ಪರಿಷ್ಕರಿಸಿದ ಅಳತೆಗಳೂ ಇವೆ. ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ, ಆರು ಮೀಟರ್ ನಡೆಯಲು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಕೈಹಿಡಿತದ ಬಲ ಗಂಡಸರಲ್ಲಿ 28 ಕೆ.ಜಿ.ಗಿಂತ, ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಇದ್ದರೆ ಸ್ನಾಯು ಸೊರಗುತ್ತಿದೆ ಎಂದೇ ಅನುಮಾನಿಸಬೇಕು.

ಈ ಅಂಕಿಗಳನ್ನು ಮೇಲೆತ್ತಲು ಈಗ ಎರಡು ದಾರಿಗಳ ಮಾತು ಕೇಳಿಬರುತ್ತಿದೆ. ಮೊದಲನೆಯದು ವೈಬ್ರೇಶನ್ ಪ್ಲೇಟ್, ಅಂದರೆ ಸುಮ್ಮನೆ ಹತ್ತಿ ನಿಂತರೆ ಸಾಕು, ಕಾಲು ತಾನೇ ಗಟ್ಟಿಯಾಗುತ್ತದೆ ಎಂದು ಮಾರುವ ನಡುಗುವ ಹಲಗೆ. ಎರಡನೆಯದು ಎದ್ದು ಕೂರುವ, ಹಿಮ್ಮಡಿ ಎತ್ತುವ, ಒಂಟಿಕಾಲಲ್ಲಿ ನಿಲ್ಲುವ ಹಳೆಯ ವ್ಯಾಯಾಮ. ಯಾವುದಕ್ಕೆ ಎಷ್ಟು ನಿಮಿಷ, ಎಷ್ಟು ರೂಪಾಯಿ, ಪ್ರತಿಯಾಗಿ ಕೈಗೆ ಸಿಗುವುದೇನು? ಅಪ್ಪ ಅಮ್ಮನಿಗೆಂದು ಯಂತ್ರ ಕೊಳ್ಳಲು ಹೊರಟವರು ಹಣ ಕಟ್ಟುವ ಮುಂಚೆ ಈ ಲೆಕ್ಕ ನೋಡಲಿ ಎಂಬುದು ನನ್ನ ಆಸೆ.

ಬೀಳುವವರ ಎಣಿಕೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಪ್ರತಿ ವರ್ಷ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಸಾಯದಿದ್ದರೂ ವೈದ್ಯರ ಬಳಿ ಹೋಗಲೇಬೇಕಾದಷ್ಟು ಪೆಟ್ಟಾಗುವ ಬೀಳುವಿಕೆಗಳು ವರ್ಷಕ್ಕೆ 3.73 ಕೋಟಿ. ಸಾವಿನ ಪಾಲು ಅತಿ ಹೆಚ್ಚು ಇರುವುದು 60 ದಾಟಿದವರಲ್ಲಿ.

ಭಾರತದಲ್ಲಿ 2011ರ ಜನಗಣತಿಯ ಹೊತ್ತಿಗೆ 60 ದಾಟಿದವರು 10.38 ಕೋಟಿ ಇದ್ದರು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಆ ಸಂಖ್ಯೆ 14.9 ಕೋಟಿ, ಅಂದರೆ ನೂರಕ್ಕೆ ಹತ್ತೂವರೆ ಮಂದಿ. 2050ಕ್ಕೆ ಅದು 34.7 ಕೋಟಿಯಾಗಿ ನೂರಕ್ಕೆ ಸುಮಾರು 21ಕ್ಕೆ ಮುಟ್ಟುವ ಅಂದಾಜಿದೆ. ಇವತ್ತು ನಲವತ್ತರ ಆಸುಪಾಸಿನಲ್ಲಿರುವ ನಾವೆಲ್ಲ ಆ 34.7 ಕೋಟಿಯೊಳಗೇ ಇದ್ದೇವೆ.

ಬೀಳುವುದಕ್ಕೆ ಕಣ್ಣು, ಕಿವಿ, ಔಷಧಿ, ಒದ್ದೆ ಬಚ್ಚಲು ಹೀಗೆ ಕಾರಣ ಹಲವು. ಆದರೆ ಎಡವಿದ ಮೇಲೆ ಸಾವರಿಸಿಕೊಳ್ಳುವುದು ತೊಡೆ ಮತ್ತು ಮೀನಖಂಡದ ಬಲಕ್ಕೆ ಬಿಟ್ಟದ್ದು. 70 ದಾಟಿದ ಮೇಲೆ ಸ್ನಾಯುವಿನ ಗಾತ್ರ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿದರೆ, ಬಲ ಅದರ ಮೂರು ಪಟ್ಟು ವೇಗದಲ್ಲಿ, ಸುಮಾರು ಶೇ. 3ರಂತೆ ಇಳಿಯುತ್ತದೆ. ಹಾಸಿಗೆ ಹಿಡಿದರಂತೂ ಈ ಲೆಕ್ಕವೇ ನಡೆಯುವುದಿಲ್ಲ. ಸರಾಸರಿ 67 ವರ್ಷದ 12 ಮಂದಿ ಆರೋಗ್ಯವಂತರನ್ನು ಹತ್ತು ದಿನ ಮಂಚದ ಮೇಲೇ ಇರಿಸಿ ಅಳೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳು ಕಳೆದುಕೊಂಡ ಮಾಂಸಖಂಡ ಹೆಚ್ಚುಕಡಿಮೆ ಒಂದು ಕೆ.ಜಿ., ಮಂಡಿ ಚಾಚುವ ಬಲದಲ್ಲಿ ಆದ ನಷ್ಟ ಸುಮಾರು ಶೇ. 16. ವರ್ಷಕ್ಕೆ ಶೇ. 3ರ ಲೆಕ್ಕದಲ್ಲಿ ಐದು ವರ್ಷಕ್ಕೆ ಇಳಿಯಬೇಕಾದ ಬಲ ಹತ್ತೇ ದಿನದಲ್ಲಿ ಇಳಿದುಹೋಗಿತ್ತು. ‘ಹುಷಾರಾಗುವವರೆಗೆ ಸುಮ್ಮನೆ ಮಲಗಿರಿ’ ಎಂದು ಹಿರಿಯರಿಗೆ ಹೇಳುವಾಗ ಈ ಅಂಕಿ ನೆನಪಿರಬೇಕು.

ಹಲಗೆ ಎಷ್ಟು ನಡುಗುತ್ತದೆ

ನಡುಕವನ್ನು ಚಿಕಿತ್ಸೆಯಾಗಿ ಬಳಸುವ ಯೋಚನೆ ಹೊಸದಲ್ಲ. ಪ್ಯಾರಿಸ್ಸಿನ ನರವೈದ್ಯ ಝಾನ್ ಮಾರ್ಟಿನ್ ಶಾರ್ಕೋ, ಪಾರ್ಕಿನ್ಸನ್ ರೋಗಿಗಳಿಗೆ ರೈಲಿನಲ್ಲೋ ಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ಮೇಲೆ ಹಾಯೆನಿಸುವುದನ್ನು ಗಮನಿಸಿ, 1892ರ ಹೊತ್ತಿಗೆ ನಡುಗುವ ಕುರ್ಚಿಯ ಬಗ್ಗೆ ಬರೆದಿದ್ದರು. ಇಂದಿನ ಹಲಗೆಗಳು ಆ ಯೋಚನೆಯ ಮುಂದುವರಿಕೆ.

ಕೆಲಸ ಮಾಡುವ ಬಗೆ ಸರಳವಾಗಿದೆ. ಡಾಕ್ಟರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಎಗರುತ್ತದಲ್ಲ, ಅದು ಸ್ನಾಯು ಥಟ್ಟನೆ ಎಳೆದುಕೊಂಡದ್ದಕ್ಕೆ ನರ ಕೊಡುವ ಉತ್ತರ. ಹಲಗೆ ನಡುಗಿದಾಗ ಕಾಲಿನ ಸ್ನಾಯುಗಳು ಇಂಥದೇ ಚಿಕ್ಕ ಚಿಕ್ಕ ಎಳೆತಗಳಿಗೆ ಸಿಕ್ಕಿ ಮತ್ತೆ ಮತ್ತೆ ಬಿಗಿಯುತ್ತವೆ. 30 ಹರ್ಟ್ಸ್ ಎಂದರೆ ಸೆಕೆಂಡಿಗೆ 30 ಸಲ. ಹತ್ತು ನಿಮಿಷ ನಿಂತರೆ 18,000 ಸಲ.

ಆದರೆ ನಡುಕದ ಎಣಿಕೆ ಅರ್ಧ ವಿಷಯ ಮಾತ್ರ. ಹಲಗೆ ತನ್ನ ನಡುಮಟ್ಟದಿಂದ ಎಷ್ಟು ಮಿಲಿಮೀಟರ್ ಮೇಲಕ್ಕೆ, ಎಷ್ಟು ಕೆಳಕ್ಕೆ ಹೋಗುತ್ತದೆ ಎನ್ನುವುದು ಉಳಿದರ್ಧ. ಎರಡೂ ಸೇರಿದರೆ ಮೈ ಮೇಲೆ ಬೀಳುವ ಹೊಡೆತ ಗೊತ್ತಾಗುತ್ತದೆ. ಲೆಕ್ಕ ಯಾರಾದರೂ ಮಾಡಬಹುದು: ಹರ್ಟ್ಸ್ ಸಂಖ್ಯೆಯನ್ನು 6.28ರಿಂದ ಗುಣಿಸಿ, ಬಂದದ್ದರ ವರ್ಗ ಮಾಡಿ, ಮೀಟರಿನಲ್ಲಿ ಬರೆದ ಏರಿಳಿತದಿಂದ ಗುಣಿಸಿ, 9.8ರಿಂದ ಭಾಗಿಸಿ. ಬರುವ ಉತ್ತರ, ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂಬುದು.

- 12.5 ಹರ್ಟ್ಸ್, 2 ಮಿ.ಮೀ.: 1.3 ಪಟ್ಟು
- 20 ಹರ್ಟ್ಸ್, 1 ಮಿ.ಮೀ.: 1.6 ಪಟ್ಟು
- 30 ಹರ್ಟ್ಸ್, 1 ಮಿ.ಮೀ.: 3.6 ಪಟ್ಟು
- 40 ಹರ್ಟ್ಸ್, 1 ಮಿ.ಮೀ.: 6.4 ಪಟ್ಟು
- 30 ಹರ್ಟ್ಸ್, 2 ಮಿ.ಮೀ.: 7.2 ಪಟ್ಟು

ನಡುಕದ ವೇಗ 20ರಿಂದ 40ಕ್ಕೆ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. ಕಾಗದದ ಮೇಲೆ ‘2 ಮಿ.ಮೀ.’ ಎಂದಷ್ಟೇ ಬರೆದಿದ್ದರೆ ಅದು ನಡುಮಟ್ಟದಿಂದಲೋ, ತೀರ ಕೆಳಗಿನಿಂದ ತೀರ ಮೇಲಕ್ಕೋ ಕೇಳಬೇಕು. ಎರಡನೆಯದಾದರೆ ಹೊಡೆತ ಅರ್ಧಕ್ಕರ್ಧ ಇಳಿಯುತ್ತದೆ. ಮನೆಬಳಕೆಯ ಎಷ್ಟೋ ಹಲಗೆಗಳ ಮೇಲೆ ಇರುವುದು 1ರಿಂದ 99ರವರೆಗಿನ ‘ಸ್ಪೀಡ್’ ಸಂಖ್ಯೆ. ಅದು ಹರ್ಟ್ಸೂ ಅಲ್ಲ, ಮಿಲಿಮೀಟರೂ ಅಲ್ಲ. ಈ ಎರಡು ಅಂಕಿ ಹೇಳಲಾಗದ ಅಂಗಡಿಯಲ್ಲಿ ಹಿರಿಯರಿಗೆಂದು ಯಂತ್ರ ಕೊಳ್ಳಬಾರದು. ಎಷ್ಟು ಮಿಲಿಗ್ರಾಂ ಎಂದು ಬರೆಯದ ಮಾತ್ರೆಯನ್ನು ನಾವು ನುಂಗುತ್ತೇವೆಯೇ?

ಹಲಗೆ ಕೊಟ್ಟದ್ದು

ಹಲಗೆಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳುತ್ತೇನೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಟ್ಟು ನಿಂತ 89 ಹೆಂಗಸರಿದ್ದರು. ಒಂದು ಗುಂಪಿಗೆ ಹಲಗೆ, ಇನ್ನೊಂದಕ್ಕೆ ಭಾರ ಎತ್ತುವ ವ್ಯಾಯಾಮ, ಮೂರನೆಯದಕ್ಕೆ ಏನೂ ಇಲ್ಲ. ಎರಡೂ ತರಬೇತಿ ವಾರಕ್ಕೆ ಮೂರು ಸಲದಂತೆ 24 ವಾರ, ಒಟ್ಟು 72 ಸಲ. ಮಂಡಿ ಚಾಚುವ ಸ್ನಾಯುವಿನ ಸ್ಥಿರ ಬಲ ಹಲಗೆಯವರಲ್ಲಿ ಶೇ. 15, ಭಾರ ಎತ್ತಿದವರಲ್ಲಿ ಶೇ. 18.4 ಏರಿತು. ಚಲನೆಯಲ್ಲಿನ ಬಲ ಶೇ. 16.1 ಮತ್ತು ಶೇ. 13.9. ಎರಡೂ ಹೆಚ್ಚುಕಡಿಮೆ ಸಮ.

ಅದೇ ವಿಶ್ವವಿದ್ಯಾಲಯದವರು 60 ದಾಟಿದ 97 ಗಂಡಸರನ್ನು ಒಂದು ವರ್ಷ ಅಧ್ಯಯನ ಮಾಡಿದಾಗಲೂ ಚಿತ್ರ ಹೀಗೇ ಇತ್ತು. ಸ್ಥಿರ ಬಲದ ಏರಿಕೆ ಹಲಗೆಯವರಲ್ಲಿ ಶೇ. 9.8, ವ್ಯಾಯಾಮದವರಲ್ಲಿ ಶೇ. 13.1. ಸ್ನಾಯುವಿನ ಗಾತ್ರದ ಏರಿಕೆ ಶೇ. 3.4 ಮತ್ತು ಶೇ. 3.8.

ಈ ಅಂಕಿಗಳ ಹಿಂದೆ ಜಾಹೀರಾತು ಹೇಳದ ಒಂದು ಸಂಗತಿ ಇದೆ. ಲೂವೆನ್ನಿನ ಹಿರಿಯರು ಹಲಗೆಯ ಮೇಲೆ ಸುಮ್ಮನೆ ನಿಂತಿರಲಿಲ್ಲ. ಮಂಡಿ ಮಡಿಸಿ ಅರ್ಧ ಕುಳಿತು ಏಳುತ್ತಿದ್ದರು, ಒಂದು ಕಾಲು ಮುಂದಿಟ್ಟು ಬಾಗುತ್ತಿದ್ದರು, ವಾರ ಕಳೆದಂತೆ ಭಂಗಿಗಳನ್ನು ಕಷ್ಟವಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತು ತಿದ್ದುವವರಿದ್ದರು. ನಡುಕದ ಜೊತೆಗೆ ವ್ಯಾಯಾಮವೂ ನಡೆಯುತ್ತಿತ್ತು.

ಸುಮ್ಮನೆ ನಿಂತದ್ದಕ್ಕೆ ಏನು ಸಿಕ್ಕಿತು? ಇದಕ್ಕೆ ಎರಡು ದೊಡ್ಡ ಉತ್ತರಗಳಿವೆ, ಎರಡೂ ಗುರುತ್ವದ 0.3 ಪಟ್ಟಿನಷ್ಟೇ ಇರುವ ಮೆಲುನಡುಕದವು. ಕೆನಡಾದ ಟೊರಾಂಟೊದಲ್ಲಿ ಮೂಳೆ ಸವೆಯತೊಡಗಿದ್ದ 202 ಹೆಂಗಸರ ಅಧ್ಯಯನದಲ್ಲಿ ನಡುಕದ ಗುಂಪಿನವರು ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ನಿಲ್ಲಬೇಕಿತ್ತು. ಅಮೆರಿಕದ ಬಾಸ್ಟನ್ನಿನಲ್ಲಿ ಸರಾಸರಿ 82 ವರ್ಷದ 174 ಮಂದಿಯ ಅಧ್ಯಯನದಲ್ಲಿ ದಿನಕ್ಕೆ 10 ನಿಮಿಷದಂತೆ ಎರಡು ವರ್ಷ. ಗುಣಿಸಿ ನೋಡಿದರೆ ಎರಡೂ ಕಡೆ ಒಬ್ಬರ ಪಾಲಿಗೆ ಬಂದದ್ದು 7,300 ನಿಮಿಷ, ಅಂದರೆ ಸುಮಾರು 122 ಗಂಟೆ. ಮೊದಲನೆಯದರ ಫಲಿತಾಂಶ 2011ರಲ್ಲಿ, ಎರಡನೆಯದರದು 2015ರಲ್ಲಿ ಪ್ರಕಟವಾಯಿತು. ಎರಡರಲ್ಲೂ ಮೂಳೆಯ ಸಾಂದ್ರತೆಗೆ ಲಾಭ ಕಾಣಲಿಲ್ಲ.

ಬೀಳುವಿಕೆಯ ವಿಷಯದಲ್ಲಿ ಮಾತ್ರ ಹಾಂಗ್‌ಕಾಂಗ್‌ನಿಂದ ಒಳ್ಳೆಯ ಸುದ್ದಿಯಿದೆ. 60 ದಾಟಿದ 710 ಹೆಂಗಸರಲ್ಲಿ ಒಂದು ಗುಂಪಿಗೆ 35 ಹರ್ಟ್ಸ್, 0.3 ಪಟ್ಟಿನ ನಡುಕ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, 18 ತಿಂಗಳು. ಬಿದ್ದವರು ಇಲ್ಲವೇ ಮೂಳೆ ಮುರಿದುಕೊಂಡವರ ಪ್ರಮಾಣ ನಡುಕದ ಗುಂಪಿನಲ್ಲಿ ಶೇ. 18.6, ಎಂದಿನ ದಿನಚರಿಯಲ್ಲಿದ್ದ ಗುಂಪಿನಲ್ಲಿ ಶೇ. 28.7. ನೂರಕ್ಕೆ ಹತ್ತು ಮಂದಿಯ ಅಂತರ, 2014ರಲ್ಲಿ ಪ್ರಕಟವಾದ ಈ ಅಂತರ ಸಣ್ಣದಲ್ಲ. ಆದರೆ ಇಲ್ಲಿ ಹೋಲಿಕೆ ನಡೆದದ್ದು ಏನೂ ಮಾಡದವರ ಜೊತೆ, ವ್ಯಾಯಾಮ ಮಾಡಿದವರ ಜೊತೆಗಲ್ಲ. ಒಬ್ಬರಿಗೆ ಬೇಕಾದ ಸಮಯ 7,800 ನಿಮಿಷ, ಅಂದರೆ 130 ಗಂಟೆ.

ಹಲಗೆಗೆ ನಿಜವಾದ ಜಾಗ ಎಲ್ಲಿದೆ ಎಂಬುದನ್ನು ಬೆಲ್ಜಿಯಂನದೇ ವೃದ್ಧಾಶ್ರಮವೊಂದರ ಚಿಕ್ಕ ಅಧ್ಯಯನ ತೋರಿಸುತ್ತದೆ. ಅಲ್ಲಿದ್ದವರು 42 ಮಂದಿ, ಸರಾಸರಿ ವಯಸ್ಸು 82. ಅವರಲ್ಲಿ ಒಂದು ಗುಂಪಿಗೆ ಹಲಗೆಯ ಮೇಲೆ ಒಂದೊಂದು ನಿಮಿಷದ ನಾಲ್ಕು ಸುತ್ತು, ವಾರಕ್ಕೆ ಮೂರು ಸಲ, ಆರು ವಾರ. ಕೂಡಿಸಿದರೆ ನಡುಕದ ಸಮಯ 72 ನಿಮಿಷ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯಲ್ಲಿ ಅವರ ಸಮಯ ಸರಾಸರಿ 11 ಸೆಕೆಂಡ್ ಇಳಿಯಿತು, ಉಳಿದವರದು 2.6 ಸೆಕೆಂಡ್ ಏರಿತು. ಫಿಸಿಯೋಥೆರಪಿ ಎರಡೂ ಗುಂಪಿಗೆ ಇತ್ತು. ತಾವಾಗಿ ಹೆಚ್ಚು ಶ್ರಮ ಹಾಕಲಾಗದ, ತೀರ ಬಳಲಿದ ದೇಹಕ್ಕೆ ಹಲಗೆ ಮೊದಲ ಮೆಟ್ಟಿಲಾಗಬಲ್ಲದು.

ವ್ಯಾಯಾಮ ಕೊಟ್ಟದ್ದು

‘ಈ ವಯಸ್ಸಿಗೆ ಇನ್ನೇನು ಸ್ನಾಯು ಬರುತ್ತದೆ’ ಎನ್ನುವವರಿಗೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಿಂದ 1994ರಲ್ಲೇ ಉತ್ತರ ಬಂದಿತ್ತು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 72ರಿಂದ 98 ವರ್ಷದ 100 ಮಂದಿಯನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 87. ಭಾರ ಎತ್ತಿದವರಿಗೆ ವಾರಕ್ಕೆ ಮೂರು ದಿನ, 45 ನಿಮಿಷದಂತೆ ಹತ್ತು ವಾರ, ಒಟ್ಟು ಇಪ್ಪತ್ತೆರಡೂವರೆ ಗಂಟೆಯ ತರಬೇತಿ. ಅವರ ಸ್ನಾಯುಬಲ ಶೇ. 113 ಏರಿತು, ನಡಿಗೆಯ ವೇಗ ಶೇ. 11.8, ಮೆಟ್ಟಿಲು ಹತ್ತುವ ಶಕ್ತಿ ಶೇ. 28.4. ತೊಡೆಯ ಸ್ನಾಯುವಿನ ಗಾತ್ರ ಏರಿದ್ದು ಶೇ. 2.7 ಮಾತ್ರ. ಸ್ನಾಯು ಕಣ್ಣಿಗೆ ಕಾಣುವಂತೆ ಬೆಳೆಯದಿದ್ದರೂ ಬಲ ದುಪ್ಪಟ್ಟಾಗಬಲ್ಲದು, ಏಕೆಂದರೆ ಇರುವ ಸ್ನಾಯುವನ್ನು ಕೆಲಸಕ್ಕೆ ಎಬ್ಬಿಸುವುದನ್ನು ನರಗಳು ಕಲಿಯುತ್ತವೆ.

ಅಮೆರಿಕದ ಎಂಟು ಕೇಂದ್ರಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಲೈಫ್ ಎಂಬ ಅಧ್ಯಯನದಲ್ಲಿ, 70ರಿಂದ 89ರ ನಡುವಿನ 1,635 ಮಂದಿಯನ್ನು ಸರಾಸರಿ 2.6 ವರ್ಷ ನೋಡಲಾಯಿತು. ಎಲ್ಲರೂ ಹೆಚ್ಚು ಹೊತ್ತು ಕೂತೇ ಇರುತ್ತಿದ್ದವರು. ನಡಿಗೆ, ಕಾಲಿನ ಬಲ, ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯುವ ಸಾಮರ್ಥ್ಯ ಕಳೆದುಕೊಂಡವರು ಶೇ. 30.1, ಆರೋಗ್ಯದ ಪಾಠ ಕೇಳಿದವರಲ್ಲಿ ಶೇ. 35.5. ಸುಮಾರು 19 ಮಂದಿ ವ್ಯಾಯಾಮ ಮಾಡಿದರೆ ಅವರಲ್ಲಿ ಒಬ್ಬರ ಕಾಲು ಉಳಿಯಿತು. 400 ಮೀಟರ್ ಎಂದರೆ ಮನೆಯಿಂದ ಬಸ್ ನಿಲ್ದಾಣಕ್ಕೋ ದೇವಸ್ಥಾನಕ್ಕೋ ಇರುವ ದೂರ. ಒಬ್ಬರು ಆಚೆ ಹೋಗಿ ಬರುವವರಾಗಿ ಉಳಿಯುತ್ತಾರೋ, ಮನೆಯೊಳಗೇ ಉಳಿಯುತ್ತಾರೋ ಎಂಬುದು ಈ ದೂರದಲ್ಲಿ ತೀರ್ಮಾನವಾಗುತ್ತದೆ.

ಬೀಳುವಿಕೆಯ ಬಗ್ಗೆ ಅತಿ ದೊಡ್ಡ ಒಟ್ಟು ಲೆಕ್ಕ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯಲ್ಲಿದೆ. 25 ದೇಶಗಳ 108 ಅಧ್ಯಯನಗಳು, ಒಟ್ಟು 23,407 ಮಂದಿ, ಎಲ್ಲರೂ 60 ದಾಟಿದವರು, ತಮ್ಮ ತಮ್ಮ ಮನೆಗಳಲ್ಲೇ ಇರುವವರು. ವ್ಯಾಯಾಮ ಬೀಳುವಿಕೆಯನ್ನು ಶೇ. 23 ಕಡಿಮೆ ಮಾಡಿತು. ಸಮತೋಲನ ಮತ್ತು ಬಲ ಎರಡನ್ನೂ ಕೂಡಿಸಿದ ಬಗೆಬಗೆಯ ವ್ಯಾಯಾಮದಲ್ಲಿ ಇಳಿಕೆ ಶೇ. 34ರವರೆಗೆ ಹೋಯಿತು. ಬೇರೆ ಮಾತಿನಲ್ಲಿ: 1,000 ಮಂದಿ ವರ್ಷಕ್ಕೆ 850 ಸಲ ಬೀಳುವ ಕಡೆ, ವ್ಯಾಯಾಮ ಮಾಡಿದರೆ 195 ಬೀಳುವಿಕೆಗಳು ತಪ್ಪುತ್ತವೆ. ಐವರು ಒಂದು ವರ್ಷ ವ್ಯಾಯಾಮ ಮಾಡಿದರೆ ಸುಮಾರು ಒಂದು ಬೀಳುವಿಕೆ ತಪ್ಪುತ್ತದೆ.

ಅತಿ ಕಡಿಮೆ ಸಾಮಾನು, ಅತಿ ಹೆಚ್ಚು ಫಲ

ಈ 108 ಅಧ್ಯಯನಗಳ ರಾಶಿಯಲ್ಲಿ ನಮ್ಮಂಥ ಊರುಗಳಿಗೆ ಹತ್ತಿರವಾದದ್ದು ನ್ಯೂಜಿಲೆಂಡಿನ ಒಟಾಗೊ ಕ್ರಮ. ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಇದರಲ್ಲಿ ಯಂತ್ರವೇ ಇಲ್ಲ. ಕಣಕಾಲಿಗೆ ಕಟ್ಟುವ ಭಾರ ಮತ್ತು ಹಿಡಿದುಕೊಳ್ಳಲು ಗಟ್ಟಿಯಾದ ಒಂದು ಆಸರೆ, ಅಷ್ಟೇ. ವಾರಕ್ಕೆ ಮೂರು ದಿನ ಮನೆಯಲ್ಲೇ 30 ನಿಮಿಷ, ಮೇಲೆ ಎರಡು ದಿನ ನಡಿಗೆ. ತರಬೇತುದಾರರು ಮನೆಗೆ ಬರುವುದು ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ, ಆರನೇ ತಿಂಗಳಲ್ಲಿ ಒಂದು ಸಲ, ನಡುವೆ ಫೋನಿನಲ್ಲಿ ವಿಚಾರಿಸುವುದು. 65ರಿಂದ 97 ವರ್ಷದ 1,016 ಮಂದಿಯ ನಾಲ್ಕು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬೀಳುವಿಕೆಯೂ ಅದರಿಂದಾಗುವ ಪೆಟ್ಟೂ ಶೇ. 35 ಇಳಿದಿದ್ದವು.

ಇದರ ಖರ್ಚನ್ನೂ ಅವರು ಪೈಸೆ ಬಿಡದೆ ಬರೆದಿಟ್ಟರು. 75 ದಾಟಿದ 240 ಮಂದಿಗೆ ದಾದಿಯೊಬ್ಬರು ನಡೆಸಿದ ಕ್ರಮದಲ್ಲಿ ಒಬ್ಬರಿಗೆ ವರ್ಷಕ್ಕೆ ತಗುಲಿದ್ದು 1998ರ ಬೆಲೆಯಲ್ಲಿ 432 ನ್ಯೂಜಿಲೆಂಡ್ ಡಾಲರ್. ಬೀಳುವಿಕೆ ಶೇ. 46 ಇಳಿಯಿತು. ತಪ್ಪಿದ ಒಂದೊಂದು ಬೀಳುವಿಕೆಗೆ 1,803 ಡಾಲರ್. ಆಸ್ಪತ್ರೆಯ ಖರ್ಚು ಉಳಿದದ್ದನ್ನು ಕಳೆದರೆ ಅದು 155 ಡಾಲರಿಗೆ ಇಳಿಯಿತು. ಬಿದ್ದ ಪೆಟ್ಟಿಗೆ ಆಸ್ಪತ್ರೆ ಸೇರಿದ್ದು ವ್ಯಾಯಾಮ ಇಲ್ಲದ ಗುಂಪಿನಿಂದ ಐದು ಸಲ, ವ್ಯಾಯಾಮದ ಗುಂಪಿನಿಂದ ಒಮ್ಮೆಯೂ ಇಲ್ಲ. ಹಣ ಹೋದದ್ದು ಹೆಚ್ಚಾಗಿ ಮನುಷ್ಯರ ಸಮಯಕ್ಕೆ.

ರೂಪಾಯಿ ಲೆಕ್ಕ

ಈಗ ನಮ್ಮ ಮನೆಗಳಿಗೆ ಬರೋಣ. ಇಲ್ಲಿಂದ ಮುಂದಿನ ಬೆಲೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು. ನಿಮ್ಮ ಊರಿನ ಬೆಲೆ ಹಾಕಿ ಮತ್ತೆ ಗುಣಿಸಿಕೊಳ್ಳಿ.

ಮನೆಗೆ 25,000 ರೂ. ಕೊಟ್ಟು ಹಲಗೆ ತಂದಿರಿ, ಐದು ವರ್ಷ ಬಾಳಿತು ಎನ್ನೋಣ. ವರ್ಷಕ್ಕೆ 5,000 ರೂ. ವಾರಕ್ಕೆ ಮೂರು ಸಲ ಬಿಡದೆ ಬಳಸಿದರೆ ವರ್ಷಕ್ಕೆ 156 ಸಲ, ಒಂದು ಸಲಕ್ಕೆ 32 ರೂ. ಎಂಟು ವಾರಕ್ಕೆ ಉತ್ಸಾಹ ಇಳಿದು ಹಲಗೆ ಮಂಚದ ಕೆಳಗೆ ಸೇರಿದರೆ, ಬಳಸಿದ್ದು 24 ಸಲ, ಒಂದು ಸಲಕ್ಕೆ 1,042 ರೂ.

ಅದೇ 25,000 ರೂ.ಯನ್ನು ಒಟಾಗೊ ಮಾದರಿಗೆ ಹಾಕಿ ನೋಡಿ. ಫಿಸಿಯೋಥೆರಪಿಸ್ಟ್ ಒಮ್ಮೆ ಮನೆಗೆ ಬಂದು ಹೋಗಲು 500 ರೂ. ಎಂದರೆ ಐದು ಭೇಟಿಗೆ 2,500 ರೂ. ಒಂದು ಹಲಗೆಯ ಬೆಲೆಯಲ್ಲಿ ಹತ್ತು ಹಿರಿಯರಿಗೆ ಒಂದು ವರ್ಷದ ಮಾರ್ಗದರ್ಶನ ಸಿಗುತ್ತದೆ. ಕಾಕ್ರೇನ್ ಅನುಪಾತ ಇಲ್ಲಿಗೂ ಹೊಂದಿದರೆ, ಆ ಹತ್ತು ಮಂದಿಯಲ್ಲಿ ವರ್ಷಕ್ಕೆ ಎರಡು ಬೀಳುವಿಕೆಗಳು ತಪ್ಪುತ್ತವೆ. ಕಾಲಿಗೆ ಕಟ್ಟುವ ಭಾರಕ್ಕೂ ಅಂಗಡಿಗೆ ಹೋಗಬೇಕಿಲ್ಲ. ಒಂದು ಲೀಟರ್ ಒಣ ಮರಳು ಸುಮಾರು 1.6 ಕೆ.ಜಿ. ತೂಗುತ್ತದೆ. 600 ಮಿ.ಲೀ. ಮರಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಉದ್ದ ಚೀಲವಾಗಿ ಹೊಲಿದರೆ ಒಂದು ಕೆ.ಜಿ. ಭಾರ ಸಿದ್ಧ.

ಹಲಗೆಗೆ ನ್ಯಾಯ ಮಾಡಲು, ಅದನ್ನು ಹಗಲು ಆರೈಕೆ ಕೇಂದ್ರದಲ್ಲಿ ಹತ್ತಾರು ಜನ ಬಳಸಿದರೆ ಹೇಗೆ ಎಂದೂ ನೋಡಿದೆ. ಬೆಲೆ ಒಂದು ಲಕ್ಷ, ಬಾಳಿಕೆ ಐದು ವರ್ಷ, ದಿನಕ್ಕೆ 16 ಮಂದಿ, ವರ್ಷಕ್ಕೆ 300 ದಿನ. ಒಂದು ಸಲಕ್ಕೆ ಯಂತ್ರದ ಖರ್ಚು ಬರೀ 4 ರೂ. 17 ಪೈಸೆ. ಆದರೆ ಎಂಬತ್ತು ದಾಟಿದವರನ್ನು ನಡುಗುವ ಹಲಗೆಯ ಮೇಲೆ ಒಬ್ಬರನ್ನೇ ಬಿಡಲಾಗದು. ತಿಂಗಳಿಗೆ 15,000 ರೂ. ಸಂಬಳದ ಒಬ್ಬರು ಪಕ್ಕದಲ್ಲಿರಬೇಕು. ಅವರ ಪಾಲು ಒಂದು ಸಲಕ್ಕೆ 37 ರೂ. 50 ಪೈಸೆ, ಯಂತ್ರದ ಖರ್ಚಿನ ಸರಿಯಾಗಿ ಒಂಬತ್ತು ಪಟ್ಟು. ಯಂತ್ರ ಕೊಂಡರೆ ಮನುಷ್ಯರ ಖರ್ಚು ಉಳಿಯುತ್ತದೆ ಎಂಬ ಭಾವನೆ ಈ ಒಂದು ಭಾಗಾಕಾರದಲ್ಲಿ ಬಿದ್ದುಹೋಗುತ್ತದೆ.

ಹಾಗಿದ್ದರೆ ಆ ಒಬ್ಬರಿಗೆ ಹಲಗೆಯ ಬದಲು ಹದಿನೈದು ಕುರ್ಚಿ ಕೊಟ್ಟರೆ? ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಗ್ರಾಮೀಣ ಆರೋಗ್ಯ ವ್ಯವಸ್ಥೆಯ ಅಳತೆ. ದೇಶದ ಸರಾಸರಿಯಲ್ಲಿ ಸಾವಿರ ಜನರಲ್ಲಿ 60 ದಾಟಿದವರು 105. ಹದಿನೈದು ಮಂದಿಯ ಏಳು ಗುಂಪು, ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಕೆಲಸ ವಾರಕ್ಕೆ 21 ಗಂಟೆ. ಅದೇ 15,000 ರೂ. ಸಂಬಳ ಕೊಟ್ಟರೂ ವರ್ಷಕ್ಕೆ 1.8 ಲಕ್ಷ. ಒಬ್ಬ ಹಿರಿಯರಿಗೆ ವರ್ಷಕ್ಕೆ 1,714 ರೂ., ತಿಂಗಳಿಗೆ 143 ರೂ. ಎಲ್ಲರೂ ಬಂದರೆ ಆ ಊರಲ್ಲಿ ವರ್ಷಕ್ಕೆ ಸುಮಾರು 20 ಬೀಳುವಿಕೆಗಳು ತಪ್ಪಬೇಕು, ಒಂದಕ್ಕೆ 9,000 ರೂ. ಅರ್ಧದಷ್ಟೇ ಜನ ಬಂದರೂ ಹತ್ತು ತಪ್ಪುತ್ತವೆ, ಒಂದಕ್ಕೆ 18,000 ರೂ. ಈ ಕೆಲಸವನ್ನು ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೆ ಬಿಟ್ಟಿಯಾಗಿ ಕಟ್ಟಬಾರದು ಎಂದು ಒತ್ತಿ ಹೇಳಬೇಕು. ಲೆಕ್ಕದಲ್ಲಿ ಸಂಬಳ ಸೇರಿಸಿರುವುದು ಅದಕ್ಕೇ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಿತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಒಳ್ಳೆಯದೇ. ಆದರೆ ಆ ಹಣ ಬರುವುದು ಆಸ್ಪತ್ರೆಗೆ ದಾಖಲಾದ ಮೇಲೆ. ಸೊಂಟ ಮುರಿದ ಮೇಲೆ 5 ಲಕ್ಷದವರೆಗೆ ಕೊಡಲು ಸಿದ್ಧವಿರುವ ನಾವು, ಮುರಿಯದಂತೆ ನೋಡಿಕೊಳ್ಳಲು ತಿಂಗಳಿಗೆ 143 ರೂ. ಹುಡುಕಬೇಕು.

ಯಾರು ಹಲಗೆ ಹತ್ತಬಾರದು

ಟ್ರ್ಯಾಕ್ಟರ್, ಲಾರಿ ಓಡಿಸುವ ಕಾರ್ಮಿಕರ ಮೈ ದಿನಕ್ಕೆ ಎಷ್ಟು ನಡುಗಬಹುದು ಎಂಬುದಕ್ಕೆ ಯುರೋಪಿಯನ್ ಒಕ್ಕೂಟ 2002ರಲ್ಲೇ ಮಿತಿ ಹಾಕಿದೆ. ಆ ಮಿತಿಯನ್ನು 30 ಹರ್ಟ್ಸ್, 1 ಮಿ.ಮೀ. ಹಲಗೆಗೆ ಹಚ್ಚಿ ಲೆಕ್ಕ ಹಾಕಿದರೆ, ಎಂಟು ಗಂಟೆಯ ದಿನದ ಪೂರ್ತಿ ಪಾಲು ಐದಾರು ನಿಮಿಷದಲ್ಲೇ ಮುಗಿಯುತ್ತದೆ. 0.3 ಪಟ್ಟಿನ ಮೆಲುನಡುಕ ಮಾತ್ರ ಆರಾಮವಾಗಿ ಮಿತಿಯೊಳಗಿರುತ್ತದೆ. ಮಂಡಿ ಕೊಂಚ ಮಡಿಸಿ ನಿಂತರೆ ತಲೆಗೆ ಮುಟ್ಟುವ ನಡುಕ ಕಡಿಮೆಯಾಗುತ್ತದೆ. ಕಾಲು ನೆಟ್ಟಗೆ ಬಿಗಿಹಿಡಿದು ನಿಂತರೆ ನೇರ ತಲೆಗೇ ಏರುತ್ತದೆ.

ಪೇಸ್‌ಮೇಕರ್ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಆಪರೇಷನ್ ಆದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಅಕ್ಷಿಪಟಲದ ತೊಂದರೆ ಇರುವವರು, ಮೂತ್ರಪಿಂಡದಲ್ಲಿ ಕಲ್ಲಿರುವವರು, ಮೂರ್ಛೆ ರೋಗ ಅಥವಾ ತಲೆ ತಿರುಗುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹತ್ತಬಾರದು. ಎಪ್ಪತ್ತು ದಾಟಿದವರಲ್ಲಿ ಈ ಪಟ್ಟಿಯ ಹೊರಗೆ ಉಳಿಯುವವರು ಎಷ್ಟು ಮಂದಿ ಎಂದು ನಿಮ್ಮ ಮನೆಯಲ್ಲೇ ಎಣಿಸಿ ನೋಡಿ.

ಕುರ್ಚಿಯ ವಾರ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಿರಿಯರಿಗೆ ಹೇಳಿದ್ದು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅದರೊಳಗೆ ಮೂರು ಅಥವಾ ಹೆಚ್ಚು ದಿನ ಸಮತೋಲನ ಮತ್ತು ಬಲದ ವ್ಯಾಯಾಮ. ವೈದ್ಯರ ಒಪ್ಪಿಗೆ ಪಡೆದು ಹೀಗೆ ಶುರು ಮಾಡಬಹುದು:

- ಕುರ್ಚಿಯಿಂದ ಏಳುವುದು, ಕೂರುವುದು: 10 ಸಲ, ಎರಡು ಸುತ್ತು
- ಆಸರೆ ಹಿಡಿದು ಹಿಮ್ಮಡಿ ಎತ್ತುವುದು: 10 ಸಲ, ಎರಡು ಸುತ್ತು
- ಕಣಕಾಲಿಗೆ ಮರಳು ಚೀಲ ಕಟ್ಟಿ ಕಾಲು ಮುಂದಕ್ಕೆ, ಪಕ್ಕಕ್ಕೆ ಎತ್ತುವುದು: ಒಂದೊಂದು ಕಾಲಿಗೆ 10 ಸಲ
- ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಿಲ್ಲುವುದು: 10 ಸೆಕೆಂಡ್
- ಒಂಟಿಕಾಲಲ್ಲಿ ನಿಲ್ಲುವುದು: 10 ಸೆಕೆಂಡ್, ಕೈಯಳತೆಯಲ್ಲಿ ಆಸರೆ
- ಬೇರೆ ಎರಡು ದಿನ 30 ನಿಮಿಷ ನಡಿಗೆ

ವಾರಕ್ಕೆ ಮೂರು ದಿನ 20 ಸಲ ಎದ್ದರೆ ವರ್ಷಕ್ಕೆ 3,120 ಸಲ. ಹಗುರವೆನಿಸಿದಾಗ ಮರಳು ಹೆಚ್ಚಿಸಬೇಕು, ಕುರ್ಚಿಯ ಬದಲು ಕೊಂಚ ತಗ್ಗಿನ ಜಗಲಿಯಿಂದ ಏಳಬೇಕು. ಹಗುರವಾಗಿಯೇ ಉಳಿದ ವ್ಯಾಯಾಮ ಬಲ ಕೊಡುವುದಿಲ್ಲ.

ಲೂವೆನ್ನಿನ ಹಲಗೆಯ ಪಕ್ಕದಲ್ಲಿ ಒಬ್ಬರು ನಿಂತಿದ್ದರು. ಬಾಸ್ಟನ್ನಿನ ಭಾರದ ಪಕ್ಕದಲ್ಲೂ ಒಬ್ಬರಿದ್ದರು. ಒಟಾಗೊದಲ್ಲಿ ದಾದಿ ಮನೆ ಬಾಗಿಲಿಗೆ ಬಂದರು, ಬರದ ತಿಂಗಳಲ್ಲಿ ಫೋನ್ ಮಾಡಿದರು. ಈ ಅಂಕಿಗಳಲ್ಲೆಲ್ಲ ನನಗೆ ಕಂಡ ಸಾಮಾನ್ಯ ಸಂಗತಿ ಅದೇ. ಹಲಗೆಯ ಮೇಲಾಗಲಿ ಕುರ್ಚಿಯ ಮೇಲಾಗಲಿ, ಬೆಲೆಬಾಳುವ ಭಾಗ ಪಕ್ಕದಲ್ಲಿ ನಿಂತು ಎಣಿಸುವವರದು. ಊರಿನ ಮಟ್ಟದಲ್ಲಿ ಅವರಿಗೆ ಸಂಬಳ ಕೊಡಬೇಕು. ಮನೆಯ ಮಟ್ಟದಲ್ಲಿ ಆ ಕೆಲಸಕ್ಕೆ ಬೇಕಾದದ್ದು ವಾರಕ್ಕೆ 90 ನಿಮಿಷ, ವರ್ಷಕ್ಕೆ 78 ಗಂಟೆ. ಮಗನೋ ಸೊಸೆಯೋ ಶಾಲೆಯಿಂದ ಬಂದ ಮೊಮ್ಮಗಳೋ ಕುರ್ಚಿಯ ಪಕ್ಕ ನಿಂತು, ‘ಎಂಟು, ಒಂಬತ್ತು, ಇನ್ನೊಂದೇ ಒಂದು ಅಜ್ಜಿ’ ಎಂದು ಎಣಿಸುವ ಸಮಯ ಅದು.